ಕಾರಿಗೂ ಒಂದು ಎಣ್ಣೆಶಾಸ್ತ್ರ

"ನನ್ನ ಕಾರಿಗೆ ಮೆಕ್ಯಾನಿಕ್ ಯಾಕೆ? ನಾನಿಲ್ವಾ!"

ಹೆಗ್ಗನಹಳ್ಳಿಯ ಭೈರೇಶ್ ಭಾನುವಾರ ಬೆಳಿಗ್ಗೆ ಎರಡನೇ ತಟ್ಟೆ ಕೇಸರಿಬಾತ್ ಮುಗಿಸಿ, ಮನೆಯ ಮೆಟ್ಟಿಲ ಮೇಲೆ ನಿಂತು ಹೀಗೆಂದು ಘೋಷಿಸಿದ. ಕೇಳಿಸಿಕೊಂಡವಳು ಅವನ ಹೆಂಡತಿ ಶಶಿಕಲಾ ಒಬ್ಬಳೇ. ಹೂ ಕಟ್ಟುತ್ತಿದ್ದ ಆಕೆ ತಲೆ ಎತ್ತಲಿಲ್ಲ. ಮನೆಯ ಮಿಕ್ಸಿ, ಸಂಪಿನ ಮೋಟಾರು, ಬಚ್ಚಲಿನ ಗೀಸರ್ ಎಲ್ಲವೂ ಇಂಥದೇ ಘೋಷಣೆ ಆದಮೇಲೆ ಗುಜರಿ ಸೇರಿದ್ದವು. ಇವತ್ತು ಕಾರಿನ ಸರದಿ ಎಂದು ಆಕೆ ಮನಸ್ಸಿನಲ್ಲೇ ಅದಕ್ಕೊಂದು ಕೈ ಮುಗಿದಳು.

ಆದರೆ ಇವತ್ತಿನ ಘೋಷಣೆ ಬರೀ ಬಾಯಿಚಪಲದ್ದಲ್ಲ. ಎದುರು ಮನೆ ಭೈರೇಶನ ತಂಗಿ ಕುಸುಮಾಳದು. ಅವಳ ಮಗಳು ಕವನಾಗೆ ಮಾರನೇ ದಿನ ಮದುವೆ. ಇವತ್ತು ಸಂಜೆಯೇ ಕೆಂಗೇರಿಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ; ಹುಡುಗಿಯ ಅಪ್ಪ ಏರ್ಪಾಡಿಗೆಂದು ಆಗಲೇ ಅಲ್ಲಿಗೆ ಹೋಗಿದ್ದರು. ಹಸೆಮಣೆಗೆ ಹೆಣ್ಣನ್ನು ಕರೆತರುವವನು ಸೋದರಮಾವ ತಾನೇ? ಹಾಗಿದ್ದಮೇಲೆ ಮಂಟಪಕ್ಕೂ ಅವಳು ಸೋದರಮಾವನ ಕಾರಿನಲ್ಲೇ ಬರಬೇಕು ಎನ್ನುವುದು ಭೈರೇಶನ ವಾದ. ಕವನಾ ಕೂಡ, "ನಾನು ಮಾವನ ಕಾರಲ್ಲೇ ಹೋಗೋದು" ಎಂದು ತಿಂಗಳಿಂದ ಹೇಳಿಕೊಂಡು ಓಡಾಡುತ್ತಿದ್ದಳು. ಅದನ್ನು ಕೇಳಿದಾಗೆಲ್ಲ ಭೈರೇಶ್ ಹೋಗಿ ಕಾರಿನ ಗಾಜು ಇನ್ನೊಮ್ಮೆ ಒರೆಸುತ್ತಿದ್ದ. ಹೆಣ್ಣುಮಕ್ಕಳಿಲ್ಲದ ಮನೆ ಅವನದು. ಈ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದವನು ಅವನು.

ಅಡ್ಡ ಬಂದವನು ಸಂಪತ್. ಕುಸುಮಾಳ ಮೈದುನ, ಅಂದರೆ ಹುಡುಗಿಯ ಚಿಕ್ಕಪ್ಪ. ಅವನು ಹಿಂದಿನ ದಿನ ಚಪ್ಪರದ ಕೆಳಗೆ, ನಾಲ್ಕು ಜನರ ಮುಂದೆ, ಬಹಳ ವಿನಯದಿಂದ ಮಾತು ತೆಗೆದಿದ್ದ. "ಭಾವ, ತಪ್ಪು ತಿಳ್ಕೋಬೇಡಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ರಿಂಗ್ ರೋಡಲ್ಲಿ ಕೈ ಕೊಟ್ರೆ ಮದುವೆ ಹೆಣ್ಣು ಕೈಯಲ್ಲಿ ಕಳಸ ಹಿಡ್ಕೊಂಡು ಗಾಡಿ ತಳ್ಳೋಕಾಗುತ್ತಾ? ನಾನೊಂದು ಎಸಿ ಗಾಡಿ ಬುಕ್ ಮಾಡಿಬಿಡ್ತೀನಿ. ಅಲ್ಲಾ, ನೀವು ಆ ಇಂಜಿನ್ ಆಯಿಲ್ ಆದ್ರೂ ಯಾವತ್ತಾದ್ರೂ ನೋಡಿದೀರಾ?"

ಭೈರೇಶ್ ನೋಡಿರಲಿಲ್ಲ. ಕಾರು ಕೊಂಡು ಎರಡು ವರ್ಷವಾದರೂ ಬಾನೆಟ್ ಎತ್ತಿದ್ದು ಆಯುಧಪೂಜೆಗೆ ಕುಂಕುಮ ಇಡುವಾಗ ಮಾತ್ರ. ಆದರೆ ನಾಲ್ಕು ಜನರ ಮುಂದೆ ಅದನ್ನು ಒಪ್ಪಿಕೊಳ್ಳುವುದುಂಟೆ? "ದಿನಾ ನೋಡ್ತೀನಿ" ಎಂದು ಹೇಳಿಬಿಟ್ಟ. ಹೇಳಿದ ಮೇಲೆ ಒಂದು ದಿನವಾದರೂ ನೋಡಲೇಬೇಕಲ್ಲ.

ಸುಂಕದಕಟ್ಟೆಯಲ್ಲಿ ಪೈಂಟ್ ಅಂಗಡಿ ಇಟ್ಟಿರುವ ಭೈರೇಶನಿಗೆ ಡಬ್ಬದಲ್ಲಿ ತುಂಬುವ ಯಾವ ವಸ್ತುವಿನ ಬಗ್ಗೆಯೂ ಯಾರೂ ತನಗೆ ಹೇಳಿಕೊಡಬೇಕಾಗಿಲ್ಲ ಎಂಬ ಭರವಸೆ. ಇಂಜಿನ್ ಆಯಿಲ್ ಪರೀಕ್ಷೆ ಹೇಗೆಂದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಇಂಜಿನ್ ಒಳಗೆ ಒಂದು ಉದ್ದನೆಯ ಕಡ್ಡಿ ಇರುತ್ತದೆ, ಅದನ್ನು ಎಳೆದು ಒರೆಸಿ ಮತ್ತೆ ಅದ್ದಿ ತೆಗೆಯಬೇಕು, ಕಡ್ಡಿಯ ಮೇಲಿನ ಎರಡು ಗೆರೆಗಳ ನಡುವೆ ಆಯಿಲ್ ನಿಂತಿರಬೇಕು. ಇಷ್ಟೇ. "ಅನ್ನ ಬೆಂದಿದೆಯಾ ಅಂತ ನೋಡೋದಕ್ಕಿಂತ ಸುಲಭ" ಎಂದು ಶಶಿಕಲಾಗೆ ಹೇಳಿದ. ಅದನ್ನಾದರೂ ಒಂದು ದಿನ ನೋಡಿ ಎಂದು ಆಕೆ ಹೂವಿನ ದಾರ ಕಚ್ಚಿ ಹರಿದಳು. ವಿಡಿಯೋದವನು ಕೊನೆಯಲ್ಲಿ ಇನ್ನೂ ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಫೋಟೋದವನು ಕೂಗಿದ್ದರಿಂದ ಭೈರೇಶ್ ಅದನ್ನು ಕೇಳದೆ ಮೊಬೈಲು ಜೇಬಿಗಿಟ್ಟ.

ಸೋದರಮಾವನ ಫೋಟೋ ಎಂದರೆ ಸುಮ್ಮನೆಯೇ? ಕುಸುಮಾ ಕೊಟ್ಟ ಜರಿಯಂಚಿನ ಬಿಳಿ ಪಂಚೆ, ಬಿಳಿ ಷರಟು, ಮೇಲೊಂದು ಶಲ್ಯ. ತಂಗಿಯ ಮನೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡ ಭೈರೇಶ್ ಅದೇ ವೇಷದಲ್ಲಿ ಕಾರಿನ ಹತ್ತಿರ ಬಂದ. ಬಟ್ಟೆ ಬದಲಾಯಿಸಿ ಅಂತ ಶಶಿಕಲಾ ಹೇಳಿದಳು. ಕಡ್ಡಿ ಎಳೆಯೋದಕ್ಕೆ ಬಟ್ಟೆ ಯಾಕೆ ಬದಲಾಯಿಸಬೇಕು ಎಂದು ಅವನು ಕೇಳಿದ.

ಈಗ ಕಾರು ನಿಂತ ಜಾಗದ ವಿಷಯ ಹೇಳಬೇಕು. ಹೆಗ್ಗನಹಳ್ಳಿಯ ಆ ರಸ್ತೆಯಲ್ಲಿ ಮಟ್ಟಸವಾದ ನೆಲ ಅಂತ ಇದ್ದದ್ದು ಎರಡು ಮನೆಗಳ ನಡುವೆ ಮಾತ್ರ. ಅಲ್ಲಿ ಈಗ ಚಪ್ಪರ ಎದ್ದಿತ್ತು. ಹಸಿರು ತೆಂಗಿನ ಗರಿ, ಬಾಳೆಕಂದು, ಬಾಡಿಗೆ ಕುರ್ಚಿ, ಅಡಿಗೆಯವರ ಒಲೆ. ಚಪ್ಪರ ಹಾಕಿದ ಜಾಗಕ್ಕೆ ಗಾಡಿ ನುಗ್ಗಿಸುವುದು ಯಾವ ಸಂಬಂಧಿಕನೂ ಮಾಡುವ ಕೆಲಸವಲ್ಲ. ಹಾಗಾಗಿ ಭೈರೇಶ್ ಕಾರಿನ ಮುಂದಿನ ಚಕ್ರ ಎರಡನ್ನೂ ತನ್ನ ಮನೆ ಮುಂದೆ ಮೋರಿಯ ಮೇಲೆ ಹಾಕಿದ್ದ ಇಳಿಜಾರು ಕಲ್ಲಿಗೆ ಹತ್ತಿಸಿ ನಿಲ್ಲಿಸಿದ್ದ. ಕಾರು ಮೂತಿ ಆಕಾಶಕ್ಕೆ ಎತ್ತಿಕೊಂಡು ಬೀಗರ ದಾರಿ ಕಾಯುತ್ತಿತ್ತು.

ಭೈರೇಶ್ ಬಾನೆಟ್ ಎತ್ತಿದ. ಕಡ್ಡಿ ಎಳೆದ. ಒರೆಸಿದ. ಅದ್ದಿದ. ಮತ್ತೆ ಎಳೆದ. ಕಡ್ಡಿಯ ತುದಿಯಲ್ಲಿ ಒಂದು ಹನಿ ಆಯಿಲ್ ಅಂಟಿತ್ತು, ಅಷ್ಟೇ. ಗೆರೆಗಳ ಹತ್ತಿರಕ್ಕೂ ಬಂದಿರಲಿಲ್ಲ.

ಆ ಸಂಪತ್ ಹೇಳಿದ್ದೇ ನಿಜವಾಯಿತಲ್ಲ! ಎಣ್ಣೆ ಇಲ್ಲದ ಗಾಡಿಯಲ್ಲಿ ಹೆಣ್ಣನ್ನು ಕೂರಿಸಿಕೊಂಡು ಹೋಗುತ್ತಿದ್ದೆನಲ್ಲ! ಅವನು ತಡಮಾಡಲಿಲ್ಲ. ಆಟೋ ಹಿಡಿದು ಮಾಗಡಿ ರೋಡಿನ ಬಿಡಿಭಾಗದ ಅಂಗಡಿಗೆ ಹೋಗಿ ಅಲ್ಲಿದ್ದ ದೊಡ್ಡ ಆಯಿಲ್ ಡಬ್ಬವನ್ನೇ ತಂದ, ಅಡಿಗೆಮನೆಯಿಂದ ಆಲಿಕೆ ಎತ್ತಿಕೊಂಡು ಬಂದ. ಸ್ವಲ್ಪ ಹಾಕಿದ, ತಕ್ಷಣ ಕಡ್ಡಿ ಎಳೆದು ನೋಡಿದ. ಇಲ್ಲ. ಇನ್ನಷ್ಟು ಹಾಕಿದ, ಎಳೆದ. ಇಲ್ಲ. ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬೇಕು ಎನ್ನುವುದಾಗಲಿ, ಮೂತಿ ಎತ್ತಿಕೊಂಡ ಕಾರಿನಲ್ಲಿ ಅದು ಹಿಂದಕ್ಕೆ ಹೋಗಿ ಕೂರುತ್ತದೆ ಎನ್ನುವುದಾಗಲಿ ಅವನಿಗೆ ಹೊಳೆಯಲಿಲ್ಲ. ಪೈಂಟಿನವನಿಗೆ ಗೊತ್ತಿರುವ ವಿದ್ಯೆ ಒಂದೇ: ಕಾಣಿಸದಿದ್ದರೆ ಇನ್ನೊಂದು ಕೋಟ್. ಹಟ ಹಿಡಿದು ಡಬ್ಬವನ್ನು ತಲೆಕೆಳಗು ಮಾಡಿದ. ಕೊನೆಗೊಮ್ಮೆ ಗೆರೆಗಳ ನಡುವೆ ಆಯಿಲ್ ಹೊಳೆಯಿತು. ಖಾಲಿ ಡಬ್ಬವನ್ನು ಶಶಿಕಲಾಗೆ ತೋರಿಸಿ, ಪಾಪ, ಗಾಡಿ ಎಷ್ಟು ದಿನದಿಂದ ಉಪವಾಸ ಇತ್ತೋ ಎಂದು ಮರುಗಿದ.

ಮಧ್ಯಾಹ್ನ ಊಟವಾದ ಮೇಲೆ ಕಾರಿಗೆ ಹೂವಿನ ಅಲಂಕಾರ ಮಾಡುವವನು ಬಂದ. ಮೇಲಕ್ಕೆ ಎದ್ದು ನಿಂತ ಗಾಡಿಗೆ ಹಾರ ನಿಲ್ಲುವುದಿಲ್ಲ, ಕೆಳಗಿಳಿಸಿ ಎಂದ. ಅಡಿಗೆಯವರು ಒಲೆ ಸರಿಸಿ ಜಾಗ ಮಾಡಿಕೊಟ್ಟರು. ಭೈರೇಶ್ ಗೇರು ತೆಗೆದು, ಬ್ರೇಕು ಸಡಿಲಿಸಿ, ಇಂಜಿನ್ ಚಾಲು ಮಾಡದೆಯೇ ಕಾರನ್ನು ಚಪ್ಪರದ ಅಂಚಿನ ಮಟ್ಟಸ ನೆಲಕ್ಕೆ ಜಾರಿಸಿದ. ಆ ಹೊತ್ತಿಗೆ ಸಂಪತ್ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಲ್ಲಿಗೆ ಬಂದ. ಇಂಥ ಅವಕಾಶ ಬಿಡುವುದುಂಟೆ? ಭೈರೇಶ್ ಬಾನೆಟ್ ಎತ್ತಿ, ಕತ್ತಿ ಹಿರಿಯುವವನ ಗತ್ತಿನಲ್ಲಿ ಕಡ್ಡಿ ಎಳೆದು ಅವನ ಮುಂದೆ ಹಿಡಿದ.

ಸಂಪತ್ ನೋಡಿದ. ಆಯಿಲ್ ಎರಡೂ ಗೆರೆಗಳನ್ನು ದಾಟಿ, ಕಡ್ಡಿಯ ಅರ್ಧದವರೆಗೂ ಹತ್ತಿ, ಭೈರೇಶನ ಬೆರಳಿನ ಕಡೆಗೆ ಇಳಿಯುತ್ತಿತ್ತು.

"ಭಾವ, ಇದು ಕಾರೋ ಗಾಣವೋ?"

ಭೈರೇಶ್ ಒರೆಸಿ ಮತ್ತೆ ನೋಡಿದ. ಅಷ್ಟೇ. ಮೊಬೈಲು ತೆಗೆದು ಆ ವಿಡಿಯೋದ ಕೊನೆಯನ್ನು ಈಗ ನೋಡಿದ. "ಗಾಡಿ ಮಟ್ಟಸವಾದ ಜಾಗದಲ್ಲೇ ಇರಬೇಕು, ಜಾಸ್ತಿ ಹಾಕಿದರೆ ಕಮ್ಮಿ ಇರುವುದಕ್ಕಿಂತ ಕೆಟ್ಟದ್ದು" ಎಂದು ಆ ಪುಣ್ಯಾತ್ಮ ನಗುನಗುತ್ತಾ ಹೇಳುತ್ತಿದ್ದ. ಭೈರೇಶ್ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ಕಿಗೆ ಫೋನು ಮಾಡಿದ. ಅವನು ಸಂಸಾರ ಸಮೇತ ಧರ್ಮಸ್ಥಳದ ಕ್ಯೂನಲ್ಲಿ ನಿಂತಿದ್ದ.

"ಸಾರ್, ಸ್ಟಾರ್ಟ್ ಮಾತ್ರ ಮಾಡಲೇಬೇಡಿ, ಇಂಜಿನ್ ಹೋಗುತ್ತೆ. ಗ್ಯಾರೇಜಿಗೆ ತಂದುಬಿಡಿ."

"ಸ್ಟಾರ್ಟ್ ಮಾಡದೆ ಹೆಂಗಪ್ಪ ತರೋದು?"

ಅದು ನಿಜವೇ ಎಂದು ಮೆಕ್ಯಾನಿಕ್ ಒಪ್ಪಿದ. ಕೆಳಗಿನ ನಟ್ಟು ಬಿಚ್ಚಿದರೆ ಎಲ್ಲಾ ಸುರಿದುಹೋಗುತ್ತದೆ, ನಿಮ್ಮ ಕೈಲಿ ತಡೆಯುವುದಕ್ಕಾಗುವುದಿಲ್ಲ, ಕಡ್ಡಿ ಹಾಕುವ ತೂತಿನಲ್ಲೇ ಸಣ್ಣ ಪೈಪು ಬಿಟ್ಟು ನಿಧಾನವಾಗಿ ಎಳೆಯಿರಿ ಎಂದು ಹೇಳಿ, ಮಂಜುನಾಥನ ಪಾದಕ್ಕೆ ಹಾಕಿ ಫೋನಿಟ್ಟ.

ಸಂಪತ್ ಆಗಲೇ ಎಸಿ ಗಾಡಿಯವನ ನಂಬರು ಹುಡುಕುತ್ತಿದ್ದ. ಭೈರೇಶ್ ಅವನ ಕೈ ಹಿಡಿದುಕೊಂಡ. ನಾಲ್ಕೂವರೆಗೆ ರಾಹುಕಾಲ ಶುರು, ಅದಕ್ಕೆ ಮುಂಚೆ ಹೆಣ್ಣು ಹೊರಡಬೇಕು, ಅಲ್ಲಿವರೆಗೆ ಸಮಯ ಕೊಡು, ನನ್ನ ಮಗು ನನ್ನ ಕಾರಿನಲ್ಲೇ ಹೋಗಬೇಕು ಎಂದು ಬೇಡಿಕೊಂಡ. ಸಂಪತ್ ಮೊಬೈಲು ಜೇಬಿಗಿಟ್ಟ.

ಅಷ್ಟು ಸಣ್ಣ ಪೈಪು ಎಲ್ಲಿ ಸಿಗುತ್ತದೆ? ಭೈರೇಶನ ತಲೆಗೆ ಹೊಳೆದದ್ದು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಪೈಪು. ಚನ್ನವೀರಪ್ಪನವರ ಮೆಡಿಕಲ್ ಸ್ಟೋರಿಗೆ ಓಡಿದ. ಗ್ಲೂಕೋಸ್ ಪೈಪು ಕೊಡಿ, ಇರುವುದರಲ್ಲಿ ದೊಡ್ಡ ಸಿರಿಂಜ್ ಕೊಡಿ ಎಂದು ಏದುಸಿರು ಬಿಟ್ಟ. ಚನ್ನವೀರಪ್ಪ ಗಾಬರಿಯಾಗಿ ಕನ್ನಡಕ ಸರಿಮಾಡಿಕೊಂಡು, ಮದುವೆ ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಕೇಳಿದರು. ಅಂಗಡಿಯ ಮುಂದೆ ಪರಿಚಯದವರು ನಿಂತಿದ್ದರು. ಕಾರಿಗೆ ಆಯಿಲ್ ಜಾಸ್ತಿ ಸುರಿದು ಕೆಡಿಸಿದ್ದೇನೆ ಎಂದು ಅವರೆದುರು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

"ನಮ್ಮಪ್ಪನಿಗೆ. ಸ್ವಲ್ಪ ಸುಸ್ತು" ಎಂದುಬಿಟ್ಟ.

ಅವನ ಅಪ್ಪ ಕೆಂಚಪ್ಪನವರು ಆ ಹೊತ್ತಿಗೆ ಚಪ್ಪರದಲ್ಲಿ ಕೂತು ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಎಪ್ಪತ್ತೆಂಟು ವರ್ಷ, ಹಲ್ಲೆಲ್ಲ ಸ್ವಂತದ್ದು.

ಪೈಪನ್ನು ಇಂಜಿನ್ನಿನ ತೂತಿಗೆ ಇಳಿಬಿಟ್ಟು ಭೈರೇಶ್ ಸಿರಿಂಜ್ ಎಳೆಯತೊಡಗಿದ. ಮೊದಲ ಸಲ ಬರೀ ಗಾಳಿ. ಎರಡನೇ ಸಲ ಗಟ್ಟಿಯಾಗಿ ಎಳೆದ. ಸಿರಿಂಜ್ ಕಳಚಿ ಬಂದು, ಒಳಗಿದ್ದ ಆಯಿಲ್ಲೆಲ್ಲ ಮುಖಕ್ಕೂ ಷರಟಿಗೂ ಚಿಮ್ಮಿತು. ಒರೆಸಿಕೊಳ್ಳುವುದಕ್ಕೆ ಶಲ್ಯ ಎಳೆದ, ಶಲ್ಯಕ್ಕೂ ಆಯಿಲ್ ಆಯಿತು. ಆದರೆ ಸೋಲೊಪ್ಪುವ ಗಿರಾಕಿ ಅವನಲ್ಲ. ಪಂಚೆ ಎತ್ತಿ ಕಟ್ಟಿ ಮತ್ತೆ ಎಳೆದ. ಈ ಸಲ ಆಯಿಲ್ ಪೈಪಿನಲ್ಲಿ ಇಳಿದು, ಕೆಳಗಿಟ್ಟ ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಕೆಂಚಪ್ಪನವರಿಗೆ ಇದು ಬಹಳ ಹಿಡಿಸಿತು. ಕುರ್ಚಿ ಎಳೆದುಕೊಂಡು ಬಂದು, ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದು, "ಬೀಳ್ತಾ ಅದೆ ಕಣೋ, ಬೀಳ್ತಾ ಅದೆ" ಎಂದು ವರದಿ ಕೊಡುತ್ತಾ ಕೂತರು.

ಆಯಿಲ್ ಎಷ್ಟು ನಿಧಾನವಾಗಿ ಇಳಿಯಿತೋ ಸುದ್ದಿ ಅಷ್ಟೇ ಬೇಗ ಹರಿಯಿತು. ಗಂಡಿನ ತಂದೆ ವೆಂಕಟಸ್ವಾಮಿಯವರ ಮನೆ ಇದ್ದದ್ದು ಸುಂಕದಕಟ್ಟೆಯಲ್ಲಿ. ಅವರು ಬಿಪಿ ಮಾತ್ರೆ ಕೊಳ್ಳುವುದು ಚನ್ನವೀರಪ್ಪನವರ ಅಂಗಡಿಯಲ್ಲೇ. ಹೆಣ್ಣಿನ ತಾತನಿಗೆ ಮನೆಯಲ್ಲೇ ಗ್ಲೂಕೋಸ್ ಹಾಕಿದ್ದಾರಂತೆ ಎಂದು ಚನ್ನವೀರಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವೆಂಕಟಸ್ವಾಮಿಯವರು ಮಾತ್ರೆ ಅಲ್ಲೇ ನುಂಗಿ ಮನೆಗೆ ಓಡಿದರು. ಮದುವೆ ಹೊತ್ತಿನಲ್ಲಿ ಮುದುಕರಿಗೆ ಹೆಚ್ಚುಕಮ್ಮಿಯಾದರೆ ಸೂತಕ. ಸೂತಕ ಬಂದರೆ ತಾಳಿ ಕಟ್ಟುವಂತಿಲ್ಲ. ಹಂಚಿದ ಲಗ್ನಪತ್ರಿಕೆ, ಮಂಟಪ, ಅಡಿಗೆ ಎಲ್ಲವೂ ನೀರಿನಲ್ಲಿ ಹೋಮ. ಅವರು ಕುಸುಮಾಗೆ ಫೋನು ಮಾಡಿ, ಬಹಳ ಮೃದುವಾಗಿ, "ತಂದೆಯೋರು ಹೆಂಗಿದಾರಮ್ಮ? ಬೇಕಾದ್ರೆ ಮದುವೆ ಮುಂದಕ್ಕೆ ಹಾಕೋಣ" ಎಂದರು.

ಕುಸುಮಾ ಕಿರುಚಿಕೊಂಡು ಮನೆಯಿಂದ ಹೊರಗೆ ಬಂದಳು. ನೋಡುತ್ತಾಳೆ, ಅಪ್ಪ ಕುರ್ಚಿಯಲ್ಲಿ ಒರಗಿದ್ದಾರೆ, ಕೈಯಲ್ಲಿ ಗ್ಲೂಕೋಸ್ ಪೈಪು! ಅವರ ಕಾಲು ಹಿಡಿದು ಗೋಳೋ ಎಂದು ಅತ್ತಳು. "ಅಪ್ಪಾ, ಏನಾಯ್ತು, ನಂಗೊಂದು ಮಾತು ಹೇಳಬಾರದಿತ್ತಾ?" ಅವಳ ಹಿಂದೆ ಅರ್ಧ ಕೈಗೆ ಮೆಹಂದಿ ಹಚ್ಚಿಸಿಕೊಂಡಿದ್ದ ಕವನಾ, ಅವಳ ಹಿಂದೆ ಅಡಿಗೆಯವರು, ಅವರ ಹಿಂದೆ ಬೀದಿ.

ಕೆಂಚಪ್ಪನವರು ಎಲ್ಲರ ಮುಖ ನೋಡಿದರು. ಒಬ್ಬೊಬ್ಬರೂ ಹುಷಾರಿಲ್ಲ ಹುಷಾರಿಲ್ಲ ಎಂದು ಹೇಳುವುದನ್ನು ಕೇಳಿ ಅವರಿಗೂ ಅನುಮಾನ ಬಂತು. ಎದೆ ಮುಟ್ಟಿ ನೋಡಿಕೊಂಡು, ಹೌದು, ಯಾಕೋ ಒಂಥರಾ ಆಯ್ತಾ ಅದೆ ಎಂದರು. ಹೋಳಿಗೆ ಮೂರಾಗಿತ್ತು, ಒಂಥರಾ ಆಗದೆ ಏನು?

ಅಷ್ಟರಲ್ಲಿ ವೆಂಕಟಸ್ವಾಮಿಯವರ ಗಾಡಿಯೇ ಬಂದು ನಿಂತಿತು. ಜೊತೆಗೆ ಗಂಡಿನ ಕಡೆಯ ಇಬ್ಬರು ಹಿರಿಯರು, ಕೈಯಲ್ಲಿ ಬ್ರೆಡ್ಡು, ಸೇಬು, ಎಳನೀರು. ಎಲ್ಲರೂ ಕೆಂಚಪ್ಪನವರ ಸುತ್ತ ತಲೆ ತಗ್ಗಿಸಿ ನಿಂತರು. ವೆಂಕಟಸ್ವಾಮಿ ಮೆಲ್ಲಗೆ, ಮೊದಲು ದೊಡ್ಡ ಆಸ್ಪತ್ರೆಗೆ ಸೇರಿಸೋಣ, ಲಗ್ನ ಇನ್ನೊಂದು ಸಿಗುತ್ತದೆ ಎಂದರು. ಕವನಾಳ ಕಣ್ಣಿಂದ ದಳದಳನೆ ನೀರು ಇಳಿಯಿತು.

ಆ ಕಣ್ಣೀರು ನೋಡಿದ ಮೇಲೆ ಭೈರೇಶನಿಗೆ ತಡೆಯಲಾಗಲಿಲ್ಲ. ಬಾನೆಟ್ಟಿನ ಹಿಂದೆ ಅವಿತಿದ್ದವನು ಎದ್ದು ನಿಂತ. ತಲೆಯಿಂದ ಕಾಲಿನವರೆಗೂ ಆಯಿಲ್. ಗಂಡಿನ ಕಡೆಯ ಹಿರಿಯರೊಬ್ಬರು ಎರಡು ಹೆಜ್ಜೆ ಹಿಂದೆ ಸರಿದರು.

"ಗ್ಲೂಕೋಸು ಅಪ್ಪನಿಗಲ್ಲ" ಎಂದ ಭೈರೇಶ್. "ಕಾರಿಗೆ."

ವೆಂಕಟಸ್ವಾಮಿ ಅವನನ್ನೂ ಕಾರನ್ನೂ ಸರದಿಯ ಮೇಲೆ ನೋಡಿದರು. "ಕಾರಿಗೆ ಗ್ಲೂಕೋಸು ಹಾಕ್ತಿದೀರಾ?"

"ಹಾಕ್ತಿಲ್ಲ ಸಾರ್. ತೆಗೀತಾ ಇದೀನಿ."

ಮೂತಿ ಎತ್ತಿಕೊಂಡ ಕಾರಿನಿಂದ ಹಿಡಿದು ಚನ್ನವೀರಪ್ಪನವರ ಅಂಗಡಿಯಲ್ಲಿ ಹೇಳಿದ ಸುಳ್ಳಿನವರೆಗೆ ಅವನು ಎಲ್ಲವನ್ನೂ ಒಪ್ಪಿಕೊಂಡ. ಆಮೇಲೆ ಯಾರೋ ಮೊದಲು ನಕ್ಕರು. ಕುಸುಮಾ ಅಳುತ್ತಲೇ ನಕ್ಕಳು, ನಗುತ್ತಲೇ ಅಣ್ಣನ ಬೆನ್ನಿಗೆ ಒಂದು ಗುದ್ದಿ ಕೈಗೆ ಆಯಿಲ್ ಮಾಡಿಕೊಂಡಳು. ಕೆಂಚಪ್ಪನವರು ಮಾತ್ರ ನಗಲಿಲ್ಲ. ತಂದ ಎಳನೀರು ವಾಪಸು ಹೋಗುವುದು ಸರಿಯಲ್ಲ ಎಂದು ಕೆತ್ತಿಸಿಕೊಂಡು ಕುಡಿದರು.

ಭೈರೇಶನಿಗೆ ನಗುವುದಕ್ಕೆ ಪುರುಸೊತ್ತಿರಲಿಲ್ಲ. ಎಲ್ಲರೂ ನಗುತ್ತಿರುವಾಗ ಅವನು ಕಡ್ಡಿ ಒರೆಸಿದ, ಅದ್ದಿದ, ಕಾದ, ಎಳೆದ. ಇನ್ನೂ ಮೇಲಿದೆ. ಇನ್ನೊಂದಿಷ್ಟು ಇಳಿಸಿದ. ಮತ್ತೆ ಒರೆಸಿದ, ಅದ್ದಿದ, ಕಾದ. ನೋಡುತ್ತಾ ನೋಡುತ್ತಾ ನಗುತ್ತಿದ್ದವರೂ ಸುತ್ತ ಬಂದು ನಿಂತು ಉಸಿರು ಬಿಗಿಹಿಡಿದರು. ಕೊನೆಗೆ ಕಡ್ಡಿ ಹೊರಗೆ ಬಂದಾಗ ಆಯಿಲ್ ಎರಡು ಗೆರೆಗಳ ಸರಿಯಾಗಿ ಮಧ್ಯದಲ್ಲಿ, ಒಂದು ಕೂದಲೆಳೆ ಆಚೆ ಈಚೆ ಇಲ್ಲದೆ ನಿಂತಿತ್ತು. ಸಂಪತ್ ಕೂಡ ಬಗ್ಗಿ ನೋಡಿ, ಸರಿಯಾಗಿದೆ ಎಂದು ಒಪ್ಪಿದ. ಭೈರೇಶ್ ಕೀಲಿ ತಿರುಗಿಸಿದ. ಕಾರು ಬೆಕ್ಕಿನ ಹಾಗೆ ಗುರುಗುಟ್ಟಿತು. ಹೊಗೆಯಿಲ್ಲ, ಕರಕರ ಸದ್ದಿಲ್ಲ. ಆ ಕ್ಷಣ ಅವನಿಗೆ ಆದ ಖುಷಿ ಅವನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ ಎಂದು ಶಶಿಕಲಾ ಇವತ್ತಿಗೂ ಹೇಳುತ್ತಾಳೆ.

ರಾಹುಕಾಲಕ್ಕೆ ಇನ್ನು ಸ್ವಲ್ಪವೇ ಹೊತ್ತು. ಹಿಂದಿನ ಸೀಟಿಗೆ ಭೈರೇಶ್ ಮೊದಲೇ ಹೊಸ ಬಿಳಿ ಬಟ್ಟೆ ಹಾಸಿದ್ದ. ಕವನಾ ಕೆಂಪು ರೇಷ್ಮೆ ಸೀರೆಯುಟ್ಟು, ಕಳಸ ಹಿಡಿದು ಬಂದಳು. ವೆಂಕಟಸ್ವಾಮಿಯವರು, ಯಾಕೆ ಸುಮ್ಮನೆ ರಿಸ್ಕು, ನಮ್ಮ ಗಾಡಿಯಲ್ಲೇ ಹೋಗೋಣವಾ ಎಂದು ಕೇಳಿದರು. ಸಂಪತ್ ಎಸಿ ಗಾಡಿಯ ಮಾತೆತ್ತಿದ. ಕವನಾ ಇಬ್ಬರಿಗೂ ತಲೆಯಾಡಿಸಿ, ತಾನು ಮಾವನಿಗೆ ಮಾತು ಕೊಟ್ಟಿದ್ದೇನೆ, ಮಾವನ ಕಾರಿನಲ್ಲೇ ಹೋಗುವುದು ಎಂದಳು. ಭೈರೇಶನ ಕಣ್ಣು ತುಂಬಿ ಬಂತು. ಕಾರಿನ ಬಾಗಿಲು ತೆರೆಯಲು ಕೈ ಚಾಚಿದ.

"ಮುಟ್ಟಬೇಡಿ ಮಾವ!"

ಅವನು ಅಲ್ಲೇ ನಿಂತ. ಕವನಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಗು ತಡೆದುಕೊಂಡು, ಬಹಳ ಪ್ರೀತಿಯಿಂದ ಹೇಳಿದಳು: "ನಿಮ್ಮ ಕಾರಲ್ಲಿ ಬರ್ತೀನಿ ಅಂದಿದ್ದೆ ಮಾವ. ನಿಮ್ಮ ಪಕ್ಕ ಕೂತ್ಕೋತೀನಿ ಅಂದಿರಲಿಲ್ಲ. ಚಿಕ್ಕಪ್ಪ, ನೀವು ಓಡಿಸ್ತೀರಾ?"

ಶಶಿಕಲಾ ಸೋಪಿನ ಪುಡಿ, ಸೀಗೆಕಾಯಿ, ಸೀಮೆಎಣ್ಣೆ ಎಲ್ಲಾ ಹಾಕಿ ಉಜ್ಜಿದರೂ ಆಯಿಲ್ ಬಿಡುವ ಲಕ್ಷಣ ಇರಲಿಲ್ಲ. ಹೊತ್ತು ಮೀರುತ್ತಿತ್ತು. ಸಂಪತ್ ಚಾಲಕನ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಂಡ. ಪಕ್ಕದಲ್ಲಿ ಕೆಂಚಪ್ಪನವರು, ಸೇಬಿನ ಚೀಲ ತೊಡೆಯ ಮೇಲಿಟ್ಟುಕೊಂಡು. ಹಿಂದೆ ಮದುವಣಗಿತ್ತಿ, ಕುಸುಮಾ, ಶಶಿಕಲಾ. ಹೂವು ತುಂಬಿದ ಕಾರು ಒಂದಿಷ್ಟೂ ಹೊಗೆಯಿಲ್ಲದೆ ಮಾಗಡಿ ರೋಡಿನ ಕಡೆಗೆ ತಿರುಗಿತು. ಸೋದರಮಾವ ಟಾಟಾ ಮಾಡಿದ.

ಉಳಿದಿದ್ದದ್ದು ಅಡಿಗೆಯವರ ಲಗೇಜ್ ಆಟೋ. ಭೈರೇಶ್ ಕೊಪ್ಪರಿಗೆ, ಜಾಲರಿ, ಈರುಳ್ಳಿ ಮೂಟೆಗಳ ನಡುವೆ ಮೈಗೆ ಗೋಣಿ ಸುತ್ತಿಕೊಂಡು ಕೂತ. ನಾಗರಬಾವಿ ದಾಟುವಾಗ ಡ್ರೈವರು ಹಿಂದೆ ತಿರುಗಿ, "ಅಣ್ಣ, ನೀವು ಪಾತ್ರೆ ತೊಳೆಯೋರಾ?" ಎಂದು ಕೇಳಿದ.

"ಅಲ್ಲಪ್ಪ" ಎಂದ ಭೈರೇಶ್, ಗೋಣಿ ಸರಿಮಾಡಿಕೊಂಡು, ಉಳಿದಿದ್ದ ಗತ್ತನ್ನೆಲ್ಲ ಒಟ್ಟುಗೂಡಿಸಿ. "ಹೆಣ್ಣಿನ ಸೋದರಮಾವ."

ಡ್ರೈವರು ಅವನನ್ನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಆಮೇಲೆ ಮರುಕದಿಂದ ಹೇಳಿದ:

"ಸೋದರಮಾವ ಅಂತೀರಾ... ಒಂದು ಕಾರ್ ಇಟ್ಕೋಬಾರದಾ ಅಣ್ಣ?"